ಸ್ಕ್ರೂ ಮೇಲಿನ ಕುಂಕುಮ

ಸುಟ್ಟ ಕೂದಲಿನ ವಾಸನೆಯನ್ನು ಒಮ್ಮೆ ಕಂಡ ಮೂಗು ಮತ್ತೆ ಮರೆಯುವುದಿಲ್ಲ. ಹೋದ ತಿಂಗಳು ಒಂದು ಶನಿವಾರ ಸಂಜೆ ಅಡುಗೆಮನೆಯಲ್ಲಿ ಕುಳಿತು ಮೆಂತೆಪಲ್ಲೆ ಸೋಸುತ್ತಿದ್ದೆ. ಪಡಸಾಲೆಯಿಂದ ಆ ವಾಸನೆ ಬಂತು. ಅದರ ಹಿಂದೆಯೇ ಮೊಮ್ಮಗಳು ಸುಮಾಳ ದನಿ.

"ಅಮ್ಮಾ, ಇದರಾಗ ಏನೋ ಸುಡಾಕತ್ತೈತಿ ನೋಡ್ಬಾ."

ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತಾರೆ, ಹೆತ್ತವಳಿಗೆ ಅವ್ವ. ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಗೊಂದಲಕ್ಕೆ ಬೇಕಾದಷ್ಟು ಜಾಗವಿದೆ, ಇದೊಂದು ಹೆಚ್ಚಿಗೆ ಬೇಡ.

ಸುಮಾ ಕುಷ್ಟಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಶನಿವಾರ ಬಸ್ಸು ಹಿಡಿದು ಭಾಗ್ಯನಗರಕ್ಕೆ ಬರುತ್ತಾಳೆ, ಸೋಮವಾರ ನಸುಕಿನಲ್ಲಿ ಹೋಗುತ್ತಾಳೆ. ಬಂದ ಎರಡು ದಿನ ಮನೆಯ ಯಾವುದಾದರೂ ಒಂದು ವಸ್ತುವನ್ನು ಸುಧಾರಿಸದೆ ಬಿಡುವುದಿಲ್ಲ. ಈ ಸಲ ಅವಳ ಕೈಗೆ ಸಿಕ್ಕಿದ್ದು ನಮ್ಮ ಹಾಡಿನ ಸಾಮಾನು. ಅಂದರೆ ಒಂದು ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರ್. ಆ ಉದ್ದ ಹೆಸರು ನನ್ನ ನಾಲಿಗೆಗೆ ಯಾವತ್ತೂ ಹೊರಳಲಿಲ್ಲ. ನಾನು ಅದಕ್ಕೆ ಡಬ್ಬಿ ಅನ್ನುತ್ತೇನೆ, ಸ್ಪೀಕರಿಗೆ ಬಾಕ್ಸು ಅನ್ನುತ್ತೇನೆ. ನೀವೂ ಹಾಗೇ ಅಂದುಕೊಳ್ಳಿ.

ತಂಟೆ ಶುರುವಾಗಿದ್ದು ಎರಡು ವರ್ಷದ ಹಿಂದೆ. ಮಗ ಬಸವರಾಜ ಪಡಸಾಲೆಗೆ ಹೊಳೆಯುವ ಟೈಲ್ಸ್ ಹಾಕಿಸಿದ, ಗೋಡೆಗೆ ಕನ್ನಡಿಯಂಥ ಬಣ್ಣ ಹೊಡೆಸಿದ, ಇದ್ದ ಹಳೆಯ ಸಾಮಾನೆಲ್ಲ ಹೊರಗೆ ಹಾಕಿಸಿದ. ಆಮೇಲೆ ಖುಷಿಗೆ ಒಂದು ಹೊಸ ಡಬ್ಬಿ, ಎರಡು ಎತ್ತರದ ಬಾಕ್ಸು ತಂದ. ಹೆಸರಿಗೆ ಅದು ನನಗಾಗಿ. ಸಂಜೆ ಹೊತ್ತು ನಾನು ಪುರಾಣ ಕೇಳುತ್ತೇನೆ, ಓದಲು ಕಣ್ಣು ಸಾಲುವುದಿಲ್ಲ. ಮೂರನೆಯ ತರಗತಿಗೇ ಶಾಲೆ ಬಿಟ್ಟವಳು ನಾನು, ಕಣ್ಣಿದ್ದಾಗಲೂ ಅಂಥದ್ದೇನೂ ಓದಿದವಳಲ್ಲ ಎನ್ನುವುದು ಬೇರೆ ಮಾತು. ಹೊಸ ಡಬ್ಬಿ ಬಂದ ದಿನದಿಂದ ಸದ್ದು ಬೀದಿಗೆಲ್ಲ ಕೇಳುತ್ತದೆ, ಮಾತು ಮಾತ್ರ ನನಗೆ ಕೇಳುವುದಿಲ್ಲ. ಪುರಾಣ ಹೇಳುವ ಸ್ವಾಮಿಗಳು ಒಂದು ಮಾತು ಹೇಳಿದರೆ ಅದರ ಬಾಲ ಹಿಡಿದುಕೊಂಡು ಇನ್ನೊಂದು, ಅದರ ಬೆನ್ನ ಮೇಲೆ ಮತ್ತೊಂದು. ತುಂಬಿದ ಬಸ್ಸಿನ ಬಾಗಿಲಲ್ಲಿ ಮಂದಿ ಇಳಿದಂತೆ.

ಮೊದಲು ನನ್ನ ಕಿವಿ ಕೆಟ್ಟಿದೆ ಎಂದು ಎಲ್ಲರೂ ತೀರ್ಮಾನಿಸಿದರು. ಕೊಪ್ಪಳದ ಡಾಕ್ಟರು ನೋಡಿ ವಯಸ್ಸಿಗೆ ತಕ್ಕ ಹಾಗೆ ಛಲೋ ಇದೆ ಎಂದರು. ಆಮೇಲೆ ಉಳಿದದ್ದು ಒಂದೇ ಪ್ರಶ್ನೆ: ಇನ್ನು ಮುಂದೆ ಯಾವುದನ್ನು ಬದಲಿಸುವುದು? ಬಸವರಾಜ ಡಬ್ಬಿ ಎಂದ. ಸುಮಾ ಬಾಕ್ಸು ಎಂದಳು. ಸೊಸೆ ಮಂಜುಳಾ ಎರಡನ್ನೂ ಕೊಟ್ಟುಬಿಟ್ಟು ಟಿವಿ ಕೆಳಗೆ ಇಡುವ ಉದ್ದನೆಯ ಕೋಲಿನಂಥದ್ದು ತರೋಣ ಎಂದಳು. ಪ್ರತಿ ಶನಿವಾರ ಮೂವರೂ ಫೋನು ಹಿಡಿದು ಕುಳಿತು ಅದರ ಗುಣ, ಇದರ ದೋಷ ಓದುತ್ತಿದ್ದರು. ಹೆಣ್ಣು ನೋಡಲು ಹೋದವರೂ ಅಷ್ಟು ವಿಚಾರಿಸುವುದಿಲ್ಲ. ಕೊನೆಗೆ ನನ್ನ ಕಡೆ ತಿರುಗಿ ನೀನೇ ಹೇಳು ಅನ್ನುತ್ತಿದ್ದರು. ನಾನು ಒಂದು ವಾರ ಡಬ್ಬಿ ಅನ್ನುತ್ತಿದ್ದೆ, ಇನ್ನೊಂದು ವಾರ ಬಾಕ್ಸು. ಏನೂ ಬೇಡ ಎಂದ ವಾರವೂ ಉಂಟು. ನನಗೇನು ತಿಳಿಯಬೇಕು?

ಆ ಶನಿವಾರ ಬಸವರಾಜನ ತಾಳ್ಮೆ ಮುಗಿದಿತ್ತು. "ಅಂಗಡ್ಯಾವ ಒಳಗ ಹಳೇ ಮಾಲು ಹಾಕಿ ಕೊಟ್ಟಾನ ಯವ್ವಾ. ನಾಳಿ ಹೋಗಿ ನಾಲ್ಕ್ ಮಂದಿ ಮುಂದ ಅವನ ಮರ್ಯಾದಿ ತಗದು ಬರ್ತೀನಿ."

ಈ ಮಾತು ಕೇಳಿ ಪಲ್ಲೆ ಸೋಸುತ್ತಿದ್ದ ನನ್ನ ಕೈ ನಿಂತಿತು. ಯಾಕೆ ಎಂದು ಆಗ ನನಗೂ ಹೊಳೆಯಲಿಲ್ಲ. ಸುಮಾ ಅಪ್ಪನನ್ನು ತಡೆದಳು. ಅಟ್ಟದ ಮೇಲೆ ಹಳೆಯ ಡಬ್ಬಿ ಇದೆಯಲ್ಲ, ಅದನ್ನು ಇದೇ ಬಾಕ್ಸಿಗೆ ಜೋಡಿಸಿ ನೋಡೋಣ, ಆಗಲೂ ಹೀಗೇ ಕೇಳಿದರೆ ಡಬ್ಬಿಯ ತಪ್ಪಲ್ಲ ಎಂದು ಹೇಳಿ ಏಣಿ ಹತ್ತಿದಳು. ಹಳೆಯ ಡಬ್ಬಿಗೆ ಕರೆಂಟು ಕೊಟ್ಟು ಹತ್ತು ನಿಮಿಷವಾಗಿತ್ತು, ಹಾಡು ಹಾಕುವ ಮೊದಲೇ ವಾಸನೆ ಬಂತು.

ಆ ಡಬ್ಬಿಯನ್ನು ಕಟ್ಟಿದವನು ಈರಪ್ಪ. ಅದರೊಳಗೆ ಸುಡುತ್ತಿದ್ದ ಕೂದಲು ಯಾರದೆಂದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿರಲಾರದು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ ನಾವು ಅಳವಂಡಿಯ ಹೊಲವನ್ನು ಮೈದುನರ ಪಾಲಿಗೆ ಬಿಟ್ಟು ಭಾಗ್ಯನಗರಕ್ಕೆ ಬಂದೆವು. ನನ್ನ ಗಂಡನಿಗೆ ಇಲ್ಲಿ ಲಾರಿಗೆ ಮಾಲು ತುಂಬಿಸುವ ಮೇಸ್ತ್ರಿಕೆ ಸಿಕ್ಕಿತ್ತು. ನನಗೆ ಸಿಕ್ಕಿದ್ದು ಕೂದಲ ಕೆಲಸ. ಊರೂರಲ್ಲಿ ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಗಿಸಿಡುತ್ತಾರಲ್ಲ, ಪಿನ್ನು, ಬೋಗುಣಿ ಮಾರುವವರು ಅದನ್ನು ತೆಗೆದುಕೊಂಡು ಹೋಗುತ್ತಾರಲ್ಲ, ಅದೆಲ್ಲ ಚೀಲಗಟ್ಟಲೆ ಭಾಗ್ಯನಗರಕ್ಕೆ ಬರುತ್ತಿತ್ತು. ಈಗಲೂ ಬರುತ್ತದೆ. ಸಾಹುಕಾರರು ಚೀಲಗಳನ್ನು ಮನೆಮನೆಗೆ ಹಾಕಿಸುತ್ತಿದ್ದರು. ನಾವು ದಬ್ಬಣ ಹಿಡಿದು ಉಂಡೆಯ ಸಿಕ್ಕು ಬಿಡಿಸಿ ಎಳೆ ಎಳೆ ಬೇರೆ ಮಾಡಿ, ಉದ್ದ ನೋಡಿ ಕಟ್ಟು ಕಟ್ಟಬೇಕು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನಲ್ಲದೆ ಐದು ಹೆಂಗಸರು ಕೂಡುತ್ತಿದ್ದರು.

ಆ ಕೆಲಸದಲ್ಲಿ ಎರಡು ಕಷ್ಟ. ಫ್ಯಾನು ಹಾಕುವ ಹಾಗಿಲ್ಲ, ಬಾಗಿಲು ತೆರೆಯುವ ಹಾಗಿಲ್ಲ. ಗಾಳಿಗೆ ಕೂದಲು ಹಾರಿಹೋಗುತ್ತದೆ. ಇನ್ನೊಂದು, ಧೂಳು. ಮೂಗು ಬಾಯಿ ಸೇರಿಸಿ ಸೆರಗು ಬಿಗಿಯಬೇಕು. ಬಾಯಿ ಕಟ್ಟಿದ ಮೇಲೆ ಮಾತಿಲ್ಲ. ಆರು ಜನ ಹೆಂಗಸರು ಒಂದು ಕೋಣೆಯಲ್ಲಿ ಮಾತಿಲ್ಲದೆ ಕುಳಿತುಕೊಳ್ಳುವುದನ್ನು ಸ್ವಲ್ಪ ಕಲ್ಪನೆ ಮಾಡಿಕೊಳ್ಳಿ. ಅದಕ್ಕೇ ಹಾಡು ಬೇಕು. ಪದ, ಪುರಾಣ, ನಾಟಕದ ಕ್ಯಾಸೆಟ್ಟು, ಏನಾದರೂ. ಯಾರ ಮನೆಯಲ್ಲಿ ಟೇಪು ಛಲೋ ಇದೆಯೋ ಅವರ ಮನೆಗೆ ಹೆಂಗಸರು ಕೆಲಸಕ್ಕೆ ಹೋಗುತ್ತಿದ್ದರು. ಕೂಲಿ ಎಲ್ಲ ಮನೆಯಲ್ಲೂ ಒಂದೇ, ಕೂದಲೂ ಒಂದೇ. ಹೆಂಗಸರು ಬರದಿದ್ದರೆ ಸಾಹುಕಾರ ಚೀಲ ಹಾಕುವುದಿಲ್ಲ.

ಐವರಲ್ಲಿ ಗಂಗವ್ವನ ಹೆಸರೊಂದು ನೆನಪಿಟ್ಟುಕೊಂಡರೆ ಸಾಕು. ಸೆರಗು ಕಟ್ಟಿಕೊಂಡೂ ಮಾತಾಡಬಲ್ಲ ಹೆಂಗಸು ಅವಳೊಬ್ಬಳೇ. ಉದ್ದನೆಯ ಎಳೆ ಸಿಕ್ಕರೆ ಎತ್ತಿ ಹಿಡಿದು, "ಈಕಿಗೆ ಅತ್ತಿ ಕಾಟ ಇಲ್ಲ ನೋಡ್ರೆಬೇ" ಅನ್ನುತ್ತಿದ್ದಳು. ಗಂಗವ್ವ ಎದ್ದು ಹೋದರೆ ಉಳಿದ ನಾಲ್ವರೂ ಎದ್ದು ಹೋಗುತ್ತಾರೆ.

ನಮ್ಮ ಮನೆಯಲ್ಲಿದ್ದದ್ದು ಒಂದು ಸಣ್ಣ ಟೇಪು. ಎರಡು ಓಣಿಯಾಚೆಯ ಮನೆಗೆ ದೊಡ್ಡ ಸೆಟ್ಟು ಬಂತು. ಮರುವಾರ ಗಂಗವ್ವ ನಮ್ಮ ಟೇಪು ಬೆಕ್ಕಿನ ಮರಿ ಅತ್ತ ಹಾಗೆ ಅಳುತ್ತದೆ ಎಂದಳು. ಅದು ಎಚ್ಚರಿಕೆ ಎಂದು ನನಗೆ ಅರ್ಥವಾಯಿತು. ಏನಾದರೂ ಮಾಡಬೇಕಿತ್ತು. ಏನು ಎಂಬುದು ತಿಳಿಯದು.

ಗಂಗಾವತಿ ಕಡೆಯ ಮರಳಿ ಎಂಬ ಊರಿಂದ ನನ್ನ ತಮ್ಮ ಬಂದಿದ್ದ. ಭತ್ತದ ಸೀಮೆಯವನು, ಎಲ್ಲದಕ್ಕೂ ಅವನ ಹತ್ತಿರ ಒಂದು ಉಪಾಯ. ನಮ್ಮ ಊರಲ್ಲಿ ಗಡಿಗೆಯ ಬಾಯಿಗೆ ಬಾಕ್ಸು ಇಡುತ್ತಾರೆ, ಖರ್ಚಿಲ್ಲದೆ ಸದ್ದು ಇಮ್ಮಡಿಯಾಗುತ್ತದೆ ಎಂದ. ನೀರಿನ ಗಡಿಗೆ ಬರಿದು ಮಾಡಿ ಟೇಪಿನ ಒಂದು ಬಾಕ್ಸನ್ನು ಬಿಚ್ಚಿ ಅದರ ಮೇಲೆ ಬೋರಲು ಹಾಕಿದೆವು. ಸದ್ದು ಬಂತು, ಸುಳ್ಳಲ್ಲ. ಗುಡುಗಿದ ಹಾಗೆ ಬಂತು. ಆದರೆ ಹಾಡುವವನು ಎಲ್ಲೋ ಕೆಳಗಿನಿಂದ ಕೂಗಿದ ಹಾಗೆ. ಗಂಗವ್ವ ದಬ್ಬಣ ಕೆಳಗಿಟ್ಟಳು. "ಯಾರರ ಹಗ್ಗ ಬಿಡ್ರೆಬೇ, ಪಾಪ, ಆತ ಬಾವ್ಯಾಗ ಬಿದ್ದಾನ." ಎಲ್ಲರೂ ಸೆರಗು ಬಿಚ್ಚಿ ನಕ್ಕರು. ಆ ದಿನ ಕೆಲಸವೇ ಸಾಗಲಿಲ್ಲ. ಗಡಿಗೆ ಮತ್ತೆ ನೀರಿಗೆ ಹೋಯಿತು.

ಆಗ ಗಂಡ ಈರಪ್ಪನ ಹೆಸರು ಹೇಳಿದರು. ರೈಲ್ವೆ ಗೇಟಿನ ಹತ್ತಿರ ತಗಡಿನ ಗೂಡಂಗಡಿ, ಅದರಲ್ಲಿ ರೇಡಿಯೊ ರಿಪೇರಿ. ಮೂವತ್ತರ ಒಳಗಿನ ವಯಸ್ಸು, ಕಡ್ಡಿಯಂಥ ಮೈ, ಮಾತು ಕಡಿಮೆ. ಅಂಗಡಿಯ ಸೆಟ್ಟಿಗಿಂತ ಕಡಿಮೆ ಖರ್ಚಿನಲ್ಲಿ ಕೈಯಿಂದ ಡಬ್ಬಿ ಕಟ್ಟಿಕೊಡುತ್ತಾನೆ ಎಂಬ ಹೆಸರಿತ್ತು. ನಾನು ಹೋಗಿ ನಮ್ಮ ಕಷ್ಟ ಹೇಳಿದೆ. ಎಲ್ಲ ಒಮ್ಮೆಲೇ ಬೇಡ, ಮೊದಲು ಡಬ್ಬಿ, ಕಿವಿಗೆ ಸಾಲದಿದ್ದರೆ ಆಮೇಲೆ ಬಾಕ್ಸು ಎಂದ. ಹದಿನೈದು ದಿನಕ್ಕೆ ಕಟ್ಟಿ ತಂದ. ಅವನ ಅದೃಷ್ಟವೋ ನನ್ನದೋ, ಅವನು ಬಂದ ದಿನ ಬೆಳಿಗ್ಗೆಯೇ ಸಾಹುಕಾರನ ಗಾಡಿ ಬಂದು ಕೋಣೆಯ ಚೀಲವನ್ನೆಲ್ಲ ಒಯ್ದಿತ್ತು. ಕೋಣೆ ಖಾಲಿ, ಬರೀ ಪರಸಿ ಕಲ್ಲಿನ ನೆಲ ಮತ್ತು ಸುಣ್ಣದ ಗೋಡೆ.

ಈರಪ್ಪ ಬಾಗಿಲಲ್ಲಿ ನಿಂತು ಒಂದು ಸಲ ಚಪ್ಪಾಳೆ ತಟ್ಟಿದ. ಇಲಿ ಓಡಿಸುತ್ತಾನೆ ಅಂದುಕೊಂಡೆ. ಆಮೇಲೆ ಕೇಳಿದ.

"ಅಕ್ಕಾರ, ಈ ಕೋಣಿ ಯಾವಾಗ್ಲೂ ಹಿಂಗ ಖಾಲಿ ಇರತೈತೇನ್ರಿ?"

ಒಲೆಯ ಮೇಲೆ ಹಾಲಿತ್ತು. ನಾನು ಹ್ಞೂಂ ಎಂದೆ. ಯಾಕೆ ಕೇಳಿದ, ಏನು ಕೇಳಿದ ಎಂದು ಲಕ್ಷ್ಯ ಕೊಡಲಿಲ್ಲ. ಈಗ ಯೋಚಿಸಿದರೆ ಇಡೀ ಕಥೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಹಾಲು ಉಕ್ಕಿದ್ದರೂ ನಡೆಯುತ್ತಿತ್ತು.

ಟೇಪಿಗೂ ಅದರ ಬಾಕ್ಸಿಗೂ ಜೋಡಿಸಿದ, ಡಬ್ಬಿ ಹಾಡಿತು. ಎಂಥ ಸದ್ದು ಅಂತೀರಿ! ಓಣಿಯ ಮಂದಿ ಕಟ್ಟೆಗೆ ಬಂದು ನಿಂತರು. ಗಂಗವ್ವ ಎರಡೂ ಕಿವಿಗೆ ಕೈ ಇಟ್ಟುಕೊಂಡು, ಈಗ ಇದು ಹುಲಿ ಆತು ಎಂದಳು. ನಾನು ಡಬ್ಬಿಯನ್ನು ನೋಡಿದೆ. ಹಿಂದಿನ ತಗಡಿನ ನಾಲ್ಕು ಸ್ಕ್ರೂಗಳ ಮೇಲೂ ಈರಪ್ಪ ಒಂದೊಂದು ಕೆಂಪು ಬೊಟ್ಟು ಇಟ್ಟಿದ್ದ. ಪೂಜೆ ಮಾಡಿಯೇ ತಂದಿದ್ದಾನೆ, ದೈವಭಕ್ತ, ಎಂದು ನನಗೆ ಅವನ ಮೇಲೆ ಒಳ್ಳೆಯ ಭಾವನೆ ಬಂತು. ಆ ಭಾವನೆ ಮೂರು ದಿನ ಇತ್ತು.

ಮರುದಿನ ನಾನು ಮೈದುನರ ಹೊಲದ ಕಳೆ ತೆಗೆಸಲು ಅಳವಂಡಿಗೆ ಹೋಗಿದ್ದೆ. ಅದರ ಮರುದಿನ ಹೊಸ ಚೀಲ ಬಂದವು, ಮೂರು ಗೋಡೆಗೂ ಸೂರಿನ ತನಕ. ಅವತ್ತು ಟೇಪು ಹಾಕಿದರೆ ಸದ್ದೇ ಇಲ್ಲ. ಕಂಬಳಿ ಹೊದ್ದು ಹಾಡಿದ ಹಾಗೆ. ಗುಂಡಿ ತಿರುಗಿಸಿದರೂ ಅಷ್ಟೇ. ಗಂಗವ್ವ ಸೆರಗು ಸರಿಸಿ, "ನೀ ಇಲ್ದಾಗ ಈರಪ್ಪ ಬಂದಿದ್ದ ನೋಡಬೇ. ಡಬ್ಬಿ ಹಿಂದ ಕೈ ಹಾಕಿ ಏನೋ ಮಾಡಿ ಹೋದ" ಎಂದಳು.

ವೈರು ಗಿಡ್ಡವಾಗಿದೆ, ಉದ್ದದ್ದು ಹಾಕಿ ಹೋಗುತ್ತೇನೆ ಎಂದು ಅವನೇ ಹೇಳಿದ್ದ. ನನಗೆ ನೆನಪಿತ್ತು. ನೆನಪಿದ್ದೂ ನಾನು ಬೇರೆಯದನ್ನೇ ನಂಬಿದೆ. ಮೊದಲ ದಿನ ಛಲೋ ಮಾಲು ಹಾಕಿ ಹಾಡಿಸಿದ್ದಾನೆ, ನಾನಿಲ್ಲದ ಹೊತ್ತು ನೋಡಿ ಬಿಚ್ಚಿಕೊಂಡು ಹೋಗಿದ್ದಾನೆ. ಎಷ್ಟು ಸರಿಯಾಗಿ ಕೂಡಿಕೊಂಡಿತು ನೋಡಿ. ತಪ್ಪು ಲೆಕ್ಕ ಯಾವಾಗಲೂ ಬೇಗ ಕೂಡುತ್ತದೆ.

ಡಬ್ಬಿಯನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಗೇಟಿಗೆ ಹೋದೆ. ಅವನು ತನ್ನ ಬಾಕ್ಸಿಗೆ ಜೋಡಿಸಿದ. ತಗಡಿನ ಅಂಗಡಿಯಲ್ಲಿ ಹುಲಿಯೇ. ಮನೆಗೆ ತಂದೆ, ಬೆಕ್ಕು. ಮತ್ತೆ ಹೊತ್ತುಕೊಂಡು ಹೋದೆ, ಹುಲಿ. ನನ್ನ ತಲೆ ಕೆಟ್ಟುಹೋಯಿತು. ಇವನು ನನ್ನನ್ನು ಆಟ ಆಡಿಸುತ್ತಿದ್ದಾನೆ ಎನ್ನುವುದು ಬಿಟ್ಟು ಬೇರೆ ಅರ್ಥ ನನಗೆ ಸಿಗಲಿಲ್ಲ.

ಎರಡನೆಯ ಸಲ ಈರಪ್ಪ ಅಂಗಡಿ ಮುಚ್ಚಿ ನನ್ನ ಹಿಂದೆಯೇ ಮನೆಗೆ ಬಂದ. ಚೀಲದ ನಡುವೆ ನಿಂತು ಸುತ್ತ ನೋಡಿದ. ಮತ್ತೆ ಚಪ್ಪಾಳೆ ತಟ್ಟಿದ. ಈ ಸಲ ಹತ್ತಿಯೊಳಗೆ ತಟ್ಟಿದ ಹಾಗೆ, ಸದ್ದು ಕೈಯಲ್ಲೇ ಸತ್ತಿತು.

"ಕೋಣಿ ನುಂಗಾಕತ್ತೈತ್ರಿ ಅಕ್ಕಾರ" ಎಂದ.

"ಕೋಣಿಗೆ ಬಾಯಿ ಐತೇನಪ?" ಎಂದೆ ನಾನು. ಹೆಂಗಸರು ನಕ್ಕರು.

"ಇಷ್ಟೂ ಕೂದಲ ಐತಲ್ರಿ, ಸದ್ದು ಅದರಾಗ ಹೊಕ್ಕೊಂಡು ಹೋಗತೈತಿ. ಮಾತು ಕೇಳ್ರಿ, ಎಷ್ಟು ಸ್ವಚ್ಛ ಅದಾವ. ಸದ್ದು ಬ್ಯಾರೆ, ಮಾತು ಬ್ಯಾರೆ. ಒಂದ್ ತಾಸು ಚೀಲ ಅಂಗಳದಾಗ ಇಡ್ರಿ, ಹಾಕಿ ತೋರಸ್ತೀನಿ. ನಾನೂ ಹೊರ್ತೀನಿ."

ನಾನು ಒಲ್ಲೆ ಎಂದೆ. ಗಾಳಿ ಬೀಸುತ್ತಿತ್ತು, ಪರರ ಮಾಲು, ಇವೆಲ್ಲ ನಿಜವಾದ ಕಾರಣಗಳೇ. ಆದರೆ ನಾನು ಒಲ್ಲೆ ಎಂದದ್ದು ಅದಕ್ಕಲ್ಲ. ಮತ್ತೊಂದು ಆಟ ಕಟ್ಟುತ್ತಿದ್ದಾನೆ ಅಂದುಕೊಂಡೆ. ಹೆಂಗಸರ ಮುಂದೆ ನನ್ನನ್ನು ದಡ್ಡಿ ಮಾಡುತ್ತಾನೆ ಅಂದುಕೊಂಡೆ. ಶಾಲೆ ಕಲಿಯದವರಿಗೆ ಈ ಭಯ ಒಂದು ಯಾವಾಗಲೂ ಇರುತ್ತದೆ, ಬಾಯಿ ಮಾಡಿ ಅದನ್ನು ಮುಚ್ಚಿಕೊಳ್ಳುತ್ತೇವೆ.

ಮರುದಿನ ನಾನು ಗೇಟಿಗೆ ಹೋದದ್ದು ಡಬ್ಬಿ ಇಲ್ಲದೆ. ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ಅವರು ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

"ಇವ ಒಳಗಿನ ಮಾಲು ಕದೀತಾನ. ನೋಡ್ಕೊಂಡು ಕೊಡ್ರಿ ನಿಮ್ಮ ಸಾಮಾನು."

ಬೆಸುಗೆ ಹಾಕುವ ಕಾಯ್ದ ಕಡ್ಡಿ ಈರಪ್ಪನ ಕೈಯಲ್ಲಿತ್ತು, ಅದರ ಹೊಗೆ ಮೇಲೆ ಹೋಗುತ್ತಿತ್ತು. ನಾಲ್ವರಲ್ಲಿ ಒಬ್ಬ, ಹಣ್ಣಾದ ಮುದುಕ, ಕೈಯಲ್ಲಿ ಹಿಡಿದಿದ್ದ ರೇಡಿಯೊವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. ಅಷ್ಟೇ. ಆ ಮುದುಕ ಚೀಲದ ಬಾಯಿ ಮಡಚಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಅವತ್ತು ಅದನ್ನು ನೋಡಿ ನಾನು ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಉಳಿದದ್ದನ್ನು ಗಂಗವ್ವ ನೋಡಿಕೊಂಡಳು. ಕೂದಲು ಬಿಡಿಸುವ ಒಂದು ಮನೆಗೆ ಹೇಳಿದರೆ ಸಂಜೆಯೊಳಗೆ ಎಲ್ಲ ಮನೆಗೂ ಹೇಳಿದ ಹಾಗೆ. ವರ್ಷ ತುಂಬುವುದರೊಳಗೆ ಗೇಟಿನ ಅಂಗಡಿ ಮುಚ್ಚಿತು. ಈರಪ್ಪ ಹೆಂಡತಿಯ ಊರು ಯಲಬುರ್ಗಾಕ್ಕೆ ಹೋದ ಎಂದರು. ನನ್ನಿಂದಲೇ ಹೋದ ಎಂದು ನಾನು ಹೇಳಲಾರೆ. ನನ್ನಿಂದಲ್ಲ ಎಂದೂ ಹೇಳಲಾರೆ.

ಆಮೇಲೆ ನಾವು ಏನೇನು ತಂದೆವು ಎಂಬುದನ್ನು ಎಣಿಸಿದರೆ ನಿಮಗೇ ನಗು ಬರುತ್ತದೆ. ಗಂಗಾವತಿಯಿಂದ ದೊಡ್ಡ ಬಾಕ್ಸು ಬಂದವು, ಚೀಲ ತುಂಬಿದ ದಿನ ಅವೂ ಕುಸುಕುಸು ಎಂದವು. ಸಿಡಿ ಬಂತು, ಅದೂ ಅಷ್ಟೇ. ದಪ್ಪ ವೈರು ಹಾಕಿದರೆ ಸದ್ದು ದಪ್ಪವಾಗುತ್ತದೆ ಎಂದು ಯಾರೋ ಹೇಳಿದರು, ಅದನ್ನೂ ಹಾಕಿಸಿದೆ. ಪ್ರತಿ ಸಲವೂ ಯಾವನೋ ಒಬ್ಬ ನನಗೆ ಮೋಸ ಮಾಡಿದ್ದ. ಗಂಡ ಒಮ್ಮೆ ಊಟದ ತಟ್ಟೆ ಮುಂದೆ ಕುಳಿತು, ಇಷ್ಟು ಮಂದಿ ಸೇರಿ ನಿನ್ನೊಬ್ಬಳನ್ನೇ ಯಾಕೆ ಹುಡುಕಿಕೊಂಡು ಬರುತ್ತಾರೆ ಎಂದು ಕೇಳಿದರು. ನಾನು ಸಾರು ಬಡಿಸಿದೆ. ಅವರು ತೀರಿಕೊಂಡು ಎಂಟು ವರ್ಷವಾಯಿತು. ಹೆಂಗಸರು ಮಾತ್ರ ನಮ್ಮ ಮನೆ ಬಿಟ್ಟು ಹೋಗಲಿಲ್ಲ. ಎರಡು ಓಣಿಯಾಚೆಯ ಮನೆಯ ದೊಡ್ಡ ಸೆಟ್ಟೂ ಚೀಲ ತುಂಬಿದ ದಿನ ಹಾಗೇ ಆಗುತ್ತದೆ ಎಂದು ಗಂಗವ್ವ ನೋಡಿ ಬಂದು ಹೇಳಿದಳು. ಅವರಿಗೂ ಈರಪ್ಪನೇ ಮೋಸ ಮಾಡಿರಬೇಕು ಎಂದೆವು. ಅವರ ಸೆಟ್ಟು ಅಂಗಡಿಯಿಂದ ತಂದದ್ದು! ಆದರೂ ಅಂದೆವು.

ಮುಂದೆ ಸಾಹುಕಾರರು ಊರ ಹೊರಗೆ ಶೆಡ್ಡು ಕಟ್ಟಿಸಿ ಹೆಂಗಸರನ್ನು ಅಲ್ಲಿಗೇ ಕರೆದರು. ಮನೆಗೆ ಚೀಲ ಬರುವುದು ನಿಂತಿತು. ಖಾಲಿ ಕೋಣೆಯಲ್ಲಿ ಡಬ್ಬಿ ಮತ್ತೆ ಹುಲಿಯಾಯಿತು. ನಾನು ಅದನ್ನೂ ಅರ್ಥ ಮಾಡಿಕೊಳ್ಳಲಿಲ್ಲ. ದಪ್ಪ ವೈರು ಈಗ ಕೆಲಸ ಮಾಡುತ್ತಿದೆ ಎಂದು ಓಣಿಗೆಲ್ಲ ಹೇಳಿದೆ. ಆ ಡಬ್ಬಿಯನ್ನು ಮಾತ್ರ ಎಸೆಯಲಿಲ್ಲ. ಪ್ರತಿ ವರ್ಷ ಆಯುಧಪೂಜೆಯ ದಿನ ಈರಪ್ಪ ಇಟ್ಟ ಬೊಟ್ಟಿನ ಮೇಲೆಯೇ ಮತ್ತೆ ಕುಂಕುಮ ಹಚ್ಚುತ್ತಿದ್ದೆ. ಕಳ್ಳನದಾದರೂ ದೇವರ ಕುಂಕುಮ ಎಂದು. ಮುಂದೆ ಅದು ಅಟ್ಟ ಹತ್ತಿತು.

ಈಗ ಮತ್ತೆ ಪಡಸಾಲೆಗೆ ಬರೋಣ. ಸುಮಾ ಕರೆಂಟು ತೆಗೆದಿದ್ದಳು. ಗಾಳಿಯ ತೂತಿನಲ್ಲಿ ಕೂದಲು ಹೆಪ್ಪುಗಟ್ಟಿತ್ತು, ಒಳಗೆ ಬಿಸಿಯಾಗುವ ತಗಡಿಗೆ ತಗಲಿ ಸುಟ್ಟಿತ್ತು. ಬಿಚ್ಚಿ ಸ್ವಚ್ಛ ಮಾಡೋಣ ಎಂದು ಅವಳು ಡಬ್ಬಿ ತಿರುಗಿಸಿ ಸ್ಕ್ರೂ ಹುಡುಕಿದಳು. ಸ್ಕ್ರೂ ಕಾಣುವುದಿಲ್ಲ, ನನ್ನ ಕುಂಕುಮ ಅಷ್ಟು ದಪ್ಪ. ಉಗುರಿನಿಂದ ಕೆರೆದಳು. ಕುಂಕುಮ ಪುಡಿಯಾಗಿ ಉದುರಿತು. ಅದರ ಕೆಳಗೆ ಇನ್ನೊಂದು ಕೆಂಪು. ಅದು ಉದುರಲಿಲ್ಲ.

"ಅಮ್ಮಾ, ಇದು ಕುಂಕುಮ ಅಲ್ಲ. ಉಗುರಿಗೆ ಹಚ್ಚೋ ಬಣ್ಣ."

ಗಂಡಸು ಉಗುರಿನ ಬಣ್ಣ ಯಾಕೆ ಇಟ್ಟುಕೊಂಡಿರುತ್ತಾನೆ ಎಂದೆ. ರಿಪೇರಿ ಮಾಡುವವರು ಸ್ಕ್ರೂಗೂ ತಗಡಿಗೂ ಸೇರಿಸಿ ಬೊಟ್ಟು ಇಡುತ್ತಾರಂತೆ. ಯಾರಾದರೂ ಸ್ಕ್ರೂ ತಿರುಗಿಸಿದರೆ ಬೊಟ್ಟು ಒಡೆಯುತ್ತದೆ, ಬಿಚ್ಚಿದ್ದು ಗೊತ್ತಾಗುತ್ತದೆ. ಸುಮಾ ಫೋನಿನ ಬೆಳಕು ಬಿಟ್ಟು ನಾಲ್ಕನ್ನೂ ತೋರಿಸಿದಳು. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದೆ. ನಾಲ್ಕೂ ಇಡಿಯಾಗಿದ್ದವು. ಈರಪ್ಪ ಕಟ್ಟಿ ತಂದ ದಿನದಿಂದ ಆ ಡಬ್ಬಿಯನ್ನು ಅವನೂ ಬಿಚ್ಚಿಲ್ಲ, ಯಾರೂ ಬಿಚ್ಚಿಲ್ಲ. ಸಾಕ್ಷಿ ನಮ್ಮ ಮನೆಯಲ್ಲೇ ಇತ್ತು, ನಾನೇ ಅದರ ಮೇಲೆ ವರ್ಷ ವರ್ಷ ಕುಂಕುಮ ಬಳಿದು ಮುಚ್ಚಿದ್ದೆ.

ಹಾಗಾದರೆ ಸದ್ದು ಎಲ್ಲಿಗೆ ಹೋಗಿತ್ತು? ನಾನು ಎದ್ದು ಪಡಸಾಲೆಯ ನಡುವೆ ನಿಂತು ಚಪ್ಪಾಳೆ ತಟ್ಟಿದೆ. ಮಂಜುಳಾ ಅಡುಗೆಮನೆಯಿಂದ ಇಣುಕಿದಳು, ಅತ್ತೆಗೆ ಏನೋ ಆಯಿತು ಎಂದುಕೊಂಡಿರಬೇಕು. ಚಪ್ಪಾಳೆ ಟೈಲ್ಸಿಗೆ ಬಡಿದು, ಗೋಡೆಗೆ ಬಡಿದು, ನಾಲ್ಕು ಸಲ ವಾಪಸು ಬಂತು. ಸದ್ದು ಬೇರೆ, ಮಾತು ಬೇರೆ. ಹಳೆಯ ಕೋಣೆ ನುಂಗುತ್ತಿತ್ತು, ಈ ಪಡಸಾಲೆ ಉಗುಳುತ್ತಿದೆ.

ಸುಮಾಳಿಗೆ ಪೆಟ್ಟಿಗೆ ತೆರೆ ಎಂದೆ. ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ನಾನು ಹೊಲಿದ ಕೌದಿಗಳು ಅದರಲ್ಲಿ ಐದಿದ್ದವು. ಬಟ್ಟೆಯ ಹಗ್ಗ ಕಟ್ಟಿ ನಾಲ್ಕನ್ನು ಮೂರು ಗೋಡೆಗೆ ಇಳಿಬಿಟ್ಟೆವು, ಉಳಿದ ಒಂದನ್ನು ನೆಲಕ್ಕೆ ಹಾಸಿದೆವು. ಹೊಸ ಡಬ್ಬಿಗೇ ಪುರಾಣ ಹಾಕಿದಳು. ಸದ್ದು ಸ್ವಲ್ಪ ಇಳಿಯಿತು. ಮಾತು ಒಂದೊಂದಾಗಿ ಇಳಿದು ಬಂದು ಎದುರಿಗೆ ಕುಳಿತವು. ಸ್ವಾಮಿಗಳು ನಡುವೆ ಗಂಟಲು ಸರಿಮಾಡಿಕೊಳ್ಳುತ್ತಾರೆಂದು ಎರಡು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು.

ಮಂಜುಳಾ ಮಾತ್ರ ಮುಖ ಸಣ್ಣ ಮಾಡಿದಳು. "ಬಣ್ಣ ಹೊಡದ ಗ್ವಾಡಿಗೆ ಕೌದಿ ಜೋತುಬಿಟ್ರ ಬಂದ ಮಂದಿ ಏನಂತಾರ್ರಿ ಅತ್ತ್ಯಾರ?" ನಾನು ಅವರಿಗೆ ಪುರಾಣ ಕೇಳಿಸಿ ಕಳಿಸು ಎಂದೆ. ಬಸವರಾಜ ಮರುದಿನ ಅಂಗಡಿಗೆ ಹೋಗಲಿಲ್ಲ. ಹೋಗಲಿಲ್ಲ ಎಂದು ಹೇಳಲೂ ಇಲ್ಲ, ಗಂಡಸರು ಹಾಗೆಯೇ.

ಬೆಳಗಾದ ಮೇಲೆ ಮೊದಲು ಗಂಗವ್ವನ ಮನೆಗೆ ಹೋದೆ. ಮಾತು ಯಾವ ದಾರಿಯಿಂದ ಹೋಗಿತ್ತೋ ಆ ದಾರಿಯಿಂದಲೇ ವಾಪಸು ಬರಬೇಕು. ಈರಪ್ಪ ಕದ್ದಿರಲಿಲ್ಲ, ನಾನು ಹೇಳಿದ್ದು ಸುಳ್ಳು, ನೀನು ಯಾರ್ಯಾರಿಗೆ ಹೇಳಿದ್ದೀಯೋ ಅವರಿಗೆಲ್ಲ ಹೇಳು ಎಂದೆ. ಅವಳು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಅವರಾಗ ಅರ್ಧ ಮಂದಿ ಸತ್ತಾರಲ್ಲಬೇ."

ಉಳಿದವರಿಗೆ ಹೇಳು ಎಂದು ಎದ್ದು ಬಂದೆ.

ಮುಂದಿನ ಶನಿವಾರ ಸುಮಾ ಕುಷ್ಟಗಿಯಿಂದ ನೇರ ಯಲಬುರ್ಗಾಕ್ಕೆ ಬಂದಳು. ನಾನು ಡಬ್ಬಿಯನ್ನು ಹಾಸಿಗೆಯ ಚಾದರದಲ್ಲಿ ಕಟ್ಟಿಕೊಂಡು ಕೊಪ್ಪಳದಿಂದ ಬಸ್ಸು ಹತ್ತಿದೆ. ಈರಪ್ಪನನ್ನು ಹುಡುಕುವುದು ಕಷ್ಟವಾಗಲಿಲ್ಲ. ಈಗ ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುತ್ತಾನೆ. ಹೊಟ್ಟೆ ಬಂದಿದೆ, ಮೀಸೆ ಬೆಳ್ಳಗಾಗಿದೆ. ರೇಡಿಯೊ ಒಂದೂ ಇರಲಿಲ್ಲ. ಅಂಗಡಿಯ ಮುಂದೆ ಮೂರು ಜನ ರೈತರು ಕುಳಿತಿದ್ದರು. ಅವರು ಎದ್ದು ಹೋಗುವ ತನಕ ಕಾಯೋಣ ಎಂದು ಸುಮಾ ನನ್ನ ಸೆರಗು ಎಳೆದಳು. ನಾನು ಕಾಯಲಿಲ್ಲ. ನಾಲ್ಕು ಜನರ ಮುಂದೆ ಅಂದದ್ದನ್ನು ಕಿವಿಯಲ್ಲಿ ವಾಪಸು ತೆಗೆದುಕೊಳ್ಳುವುದು ನ್ಯಾಯವಲ್ಲ. ಮೂವರಿದ್ದರು, ಒಬ್ಬ ಕಡಿಮೆ.

ಗಟ್ಟಿಯಾಗಿ ಹೇಳಿದೆ. "ಈರಪ್ಪ, ನೀ ಕದ್ದಿದ್ದಿಲ್ಲ. ಕೋಣೀನ ಸದ್ದು ನುಂಗಿತ್ತು. ನಾ ಸುಳ್ಳು ಹೇಳಿದ್ದೆ."

ರೈತರು ನನ್ನನ್ನೂ ಅವನನ್ನೂ ನೋಡಿದರು. ಈರಪ್ಪ ಸುತ್ತುತ್ತಿದ್ದ ತಂತಿಯನ್ನು ಬಿಡಲಿಲ್ಲ, ಬಿಟ್ಟರೆ ಎಣಿಕೆ ತಪ್ಪುತ್ತದೆ. ಆ ಸುತ್ತು ಮುಗಿಸಿ ಗಂಟು ಹಾಕಿ ತಲೆ ಎತ್ತಿದ.

"ಒಂದ್ ತಾಸು ಚೀಲ ಹೊರಗ ಇಟ್ಟಿದ್ರ ಸಾಕಿ‌ತ್ರಿ ಅಕ್ಕಾರ."

ಅಷ್ಟೇ ಅಂದ. ಸಿಟ್ಟಿನಿಂದ ಅಂದನೋ, ಹೋಗಲಿ ಬಿಡಿ ಎಂಬ ಹಾಗೆ ಅಂದನೋ, ನನಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ಸುಮಾಳನ್ನು ಕೇಳಿದೆ, ಅವಳಿಗೂ ತಿಳಿಯಲಿಲ್ಲ. ಅವನು ಡಬ್ಬಿಯನ್ನು ಎಳೆದುಕೊಂಡ. ಬೊಟ್ಟುಗಳನ್ನು ನೋಡಿದ, ಒಂದೊಂದನ್ನೇ ಒಡೆದು ಸ್ಕ್ರೂ ಬಿಚ್ಚಿದ. ಒಳಗಿನ ಕೂದಲನ್ನು ಚಿಮಟಿಗೆಯಿಂದ ಎಳೆ ಎಳೆಯಾಗಿ ತೆಗೆದ. ಒಂದು ಎಳೆ ಮೊಳದುದ್ದ ಬಂತು. ಗಂಗವ್ವ ಇದ್ದಿದ್ದರೆ ಆ ಕೂದಲಿನವಳ ಅತ್ತೆಯ ಬಗ್ಗೆ ಒಂದು ಮಾತು ಹೇಳುತ್ತಿದ್ದಳು. ಮತ್ತೆ ಮುಚ್ಚಿ, ಡ್ರಾ ಎಳೆದು, ಉಗುರುಬಣ್ಣದ ಸಣ್ಣ ಶೀಸೆ ತೆಗೆದು ನಾಲ್ಕು ಹೊಸ ಬೊಟ್ಟು ಇಟ್ಟ. ಮೋಟಾರು ಸುತ್ತುವವನಿಗೆ ಈಗಲೂ ಅದು ಬೇಕೋ, ಹಳೆಯ ಚಾಳಿಯೋ, ಕೇಳಲಿಲ್ಲ. ಕೂಲಿ ಕೇಳಿ ತೆಗೆದುಕೊಂಡ. ಅದರಿಂದ ನನಗೆ ಸಮಾಧಾನವಾಯಿತು. ತೆಗೆದುಕೊಳ್ಳದಿದ್ದರೆ ನನಗೆ ಹೊತ್ತುಕೊಂಡು ಬರಲು ಭಾರವಾಗುತ್ತಿತ್ತು.

ಈಗ ನಮ್ಮ ಪಡಸಾಲೆಯಲ್ಲಿ ಹಾಡುವುದು ಈರಪ್ಪನ ಡಬ್ಬಿ. ಹೊಸದಕ್ಕೂ ಅದಕ್ಕೂ ವ್ಯತ್ಯಾಸ ನನ್ನ ಕಿವಿಗೆ ಗೊತ್ತಾಗುವುದಿಲ್ಲ, ಇದೆ ಎಂದು ಸುಮಾ ಹೇಳುತ್ತಾಳೆ. ಶನಿವಾರ ಬಂದರೆ ಅವಳು ಈಗಲೂ ಫೋನು ತೆಗೆದು ಮುಂದೆ ಏನು ತರೋಣ ಎಂದು ಕೇಳುತ್ತಾಳೆ. ಇನ್ನೊಂದು ಕೌದಿಗೆ ಹಳೆಯ ಸೀರೆ ತಾ ಅನ್ನುತ್ತೇನೆ. ಮೊನ್ನೆ ಆಯುಧಪೂಜೆ ಬಂತು. ಕುಡುಗೋಲು, ಈಳಿಗೆ, ಬಸವರಾಜನ ಗಾಡಿ, ಎಲ್ಲಕ್ಕೂ ಕುಂಕುಮ ಹಚ್ಚಿದೆ. ಡಬ್ಬಿಯ ಹತ್ತಿರ ಬಂದಾಗ ಬೆರಳು ರೂಢಿಯಂತೆ ಹಿಂದಿನ ತಗಡಿಗೆ ಹೋಯಿತು. ತಡೆದು, ಮುಂದಿನ ಮರದ ಮೂಲೆಗೆ ಒಂದು ಬೊಟ್ಟು ಇಟ್ಟೆ. ಸ್ಕ್ರೂ ಮೇಲಿನ ಕೆಂಪು ಕಾಣುತ್ತಲೇ ಇರಬೇಕು.